ಹೊಸೂರು ರಸ್ತೆಯಲ್ಲಿ ಜೊತೆಗೆ ಹೋದವರು

ಬೆಂಗಳೂರಿನವರಿಗೆ ಹೊಸೂರು ರಸ್ತೆ ಎಂದರೆ ಸಿಲ್ಕ್ ಬೋರ್ಡಿನಲ್ಲಿ ನಿಂತುಬಿಟ್ಟ ಗಾಡಿಗಳ ಸಾಲು, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು, 2010ರಲ್ಲಿ ತೆರೆದ ಉದ್ದನೆಯ ಮೇಲುರಸ್ತೆ. ಅದೇ ರಸ್ತೆಯ ಈಚೆ ತುದಿಯಲ್ಲಿ, ತಮಿಳುನಾಡಿನ ಗಡಿಯೊಳಗೆ ಸಂಸಾರ ಹೂಡಿದ ನಮಗೆ ಅದು ಆಸ್ಪತ್ರೆ ದಾರಿ. ಜೂಜುವಾಡಿ, ಅತ್ತಿಬೆಲೆ, ಚಂದಾಪುರ, ಬೊಮ್ಮನಹಳ್ಳಿ ಕಳೆದು ಮಡಿವಾಳದ ಹತ್ತಿರ ಬಂದರೆ ಸೇಂಟ್ ಜಾನ್ಸ್ ಆಸ್ಪತ್ರೆ. ಇನ್ನೂ ಮುಂದೆ ಹೋದರೆ ಕ್ಯಾನ್ಸರಿಗೆ ಕಿದ್ವಾಯಿ, ತಲೆಯ ಕಾಯಿಲೆಗೆ ನಿಮ್ಹಾನ್ಸ್. ಊರೊಳಗೆ ಹೊಕ್ಕರೆ ಕ್ರೈಸ್ತರ ದೊಡ್ಡ ಸಮಾಧಿ ಭೂಮಿ, ಆಮೇಲೆ ರಿಚ್ಮಂಡ್ ಟೌನಿನಲ್ಲಿ ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ ಸಭೆಯ ಕನ್ಯಾಸ್ತ್ರೀಯರು ನಡೆಸುವ ವೃದ್ಧಾಶ್ರಮ. ಹುಣ್ಣು, ಹುಚ್ಚು, ಮುಪ್ಪು, ಸಾವು ಎಲ್ಲಕ್ಕೂ ನಮ್ಮ ಊರಿನ ಹೆಸರು ಹೊತ್ತ ರಸ್ತೆಯಲ್ಲೇ ಒಂದೊಂದು ನಿಲ್ದಾಣ. ಎಲ್ಲ ಸೇರಿ ಸುಮಾರು ನಲವತ್ತು ಕಿಲೋಮೀಟರು.

ನಾನು ಆನೇಕಲ್ ಕಡೆಯ ಕನ್ನಡ ಕಥೋಲಿಕರ ಮನೆಯಲ್ಲಿ ಹುಟ್ಟಿ ಹೊಸೂರಿಗೆ ಸೊಸೆಯಾಗಿ ಬಂದವಳು. ಸರ್ಕಾರಿ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ. ಕನ್ನಡ ಶಾಲೆಯೇ ಎಂದು ಬೆಂಗಳೂರಿನ ನೆಂಟರು ಈಗಲೂ ಕೇಳುತ್ತಾರೆ. ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆ ಬಂದು ನೋಡಿ ಎನ್ನುತ್ತೇನೆ. ನಮ್ಮ ವಿಚಾರಣೆಯ, ಎಂದರೆ ಚರ್ಚಿನ ಪ್ಯಾರಿಷ್‌ನ, ಹೆಂಗಸರ ಸಂಘದಲ್ಲಿ ತಮಿಳಿನವರು ಹೆಚ್ಚು, ತೆಲುಗಿನವರು ಕೆಲವರು, ಕನ್ನಡದವರು ಬೆರಳೆಣಿಕೆ. ಜಪಸರ ತಮಿಳಿನಲ್ಲಿ, ಹರಟೆ ಮೂರೂ ಭಾಷೆಯಲ್ಲಿ. ಸಂಘದ ಲೆಕ್ಕದ ಪುಸ್ತಕ ಬಹಳ ಕಾಲ ನನ್ನ ಹತ್ತಿರ ಇತ್ತು, ಟೀಚರಮ್ಮನಿಗೆ ಕೂಡಿಸಿ ಕಳೆಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಅಕ್ಕಿ, ಔಷಧಿ, ಪರೀಕ್ಷೆ ಫೀಸು, ಬಡಮನೆಯ ಮದುವೆಗೆ ಸೀರೆ, ಸತ್ತವರಿಗೆ ಪೆಟ್ಟಿಗೆ: ಹೀಗೆ ಕಲಮುಗಳು. ನಾವು ಬಹುಪಾಲು ಹೊತ್ತು ಕಳೆದದ್ದು ಇವು ಯಾವುದರಲ್ಲೂ ಅಲ್ಲ. ಯಾರದೋ ಕೈ ಹಿಡಿದು ಬಸ್ ಹತ್ತಿಸಿ, ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು, ಸಂಜೆ ವಾಪಸು ಕರೆತಂದದ್ದರಲ್ಲಿ. ಅದು ಪುಸ್ತಕದಲ್ಲಿ ‘ಬಸ್ ಚಾರ್ಜು’ ಎಂಬ ಚಿಲ್ಲರೆ ಖರ್ಚಾಗಿ ಮಾತ್ರ ಕಾಣುತ್ತದೆ. ವರ್ಷಕ್ಕೊಮ್ಮೆ ವರದಿ ಓದುವಾಗ ಆ ಸಾಲನ್ನು ಯಾರೂ ಗಮನಿಸುವುದಿಲ್ಲ. ಈ ಬರಹ ಆ ಸಾಲಿನ ಹಿಂದಿನ ಇತಿಹಾಸ.

ಅದು ನಿಜವಾಗಿ ಶುರುವಾಗುವುದು ನಮ್ಮ ಊರಿನಿಂದ ಬಹುದೂರ, ಫ್ರಾನ್ಸಿನ ಶಾತಿಯೋಂ ಎಂಬ ಸಣ್ಣ ಪೇಟೆಯಲ್ಲಿ, 1617ರ ಆಗಸ್ಟಿನಲ್ಲಿ. ವಿನ್ಸೆಂಟ್ ದೆ ಪೌಲ್ ಆಗ ಅಲ್ಲಿಯ ವಿಚಾರಣಾ ಗುರು. ಒಂದು ಭಾನುವಾರ ಪೂಜೆಗೆ ಉಡುಪು ತೊಡುತ್ತಿದ್ದಾಗ, ಊರಾಚೆ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ಒಬ್ಬರಿಗೊಬ್ಬರು ನೀರು ಕೊಡುವವರೂ ಇಲ್ಲ ಎಂದು ಯಾರೋ ಬಂದು ಹೇಳಿದರು. ಅವರು ಪ್ರಸಂಗದಲ್ಲಿ ಆ ಮಾತೆತ್ತಿದರು. ಮಧ್ಯಾಹ್ನ ಆ ಮನೆಗೆ ಹೊರಟರೆ ದಾರಿ ತುಂಬ ಹೆಂಗಸರು, ಕೆಲವರು ಊಟ ಹೊತ್ತು ಹೋಗುತ್ತಿದ್ದಾರೆ, ಕೆಲವರು ಕೊಟ್ಟು ಬರುತ್ತಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಕಣ್ಣಲ್ಲಿ ನೀರು ತುಂಬಿಕೊಂಡು ದೇವರಿಗೆ ಸ್ತೋತ್ರ ಹೇಳುತ್ತಿದ್ದರು. ವಿನ್ಸೆಂಟರಿಗೆ ಮೊದಲು ಹೊಳೆದದ್ದು, ಇವತ್ತು ಬಂದ ಇಷ್ಟು ಊಟದಲ್ಲಿ ಅರ್ಧ ಹಳಸುತ್ತದೆ, ನಾಳೆಗೆ ಈ ಮನೆಯವರು ಮತ್ತೆ ಉಪವಾಸ ಎಂಬುದು. ಆ ವಾರದಲ್ಲೇ ಹೆಂಗಸರನ್ನು ಕೂರಿಸಿ ಸರದಿ ಕಟ್ಟಿದರು. ಈ ದಿನ ಇವರು, ನಾಳೆ ಅವರು.

ಆ ಸಂಘಕ್ಕೆ ಅವರು ಬರೆದುಕೊಟ್ಟ ನಿಯಮ ನನಗೆ ಬಲು ಇಷ್ಟ. ದಯೆ, ಕರುಣೆ ಎಂದು ಪುಟ ತುಂಬಿಸಿಲ್ಲ. ರೋಗಿಗೆ ಏನು ಅಡುಗೆ, ಎಷ್ಟು ಬಡಿಸಬೇಕು, ಹಾಸಿಗೆಯ ಮೇಲೆ ಬಟ್ಟೆ ಹಾಸಿ ತಟ್ಟೆ ಎಲ್ಲಿಡಬೇಕು, ಹೇಗೆ ನಗುಮುಖದಿಂದ ಮಾತಾಡಿಸಬೇಕು ಎಂಬುದೆಲ್ಲ ಅದರಲ್ಲಿದೆ. ಇನ್ನೊಂದು ಮಾತೂ ಇದೆ: ಮೊದಲು ಜೊತೆಯಲ್ಲಿ ಜನ ಇರುವ ರೋಗಿಯ ಹತ್ತಿರ ಹೋಗಿ, ಒಂಟಿಯಾಗಿರುವವರನ್ನು ಕಡೆಗೆ ಇಟ್ಟುಕೊಳ್ಳಿ, ಅವರ ಹತ್ತಿರ ಹೆಚ್ಚು ಹೊತ್ತು ಕೂರಬಹುದು. ನಾನೂರು ವರ್ಷ ಹಿಂದೆ ಒಬ್ಬ ಗಂಡಸು ಇದನ್ನು ಯೋಚಿಸಿ ಬರೆದದ್ದು ನನಗೆ ಇಂದಿಗೂ ಆಶ್ಚರ್ಯ. ಪಕ್ಕದಲ್ಲಿ ಕೂತಿದ್ದ ಹೆಂಗಸರು ಹೇಳಿಕೊಟ್ಟಿರಬೇಕು ಎಂಬುದು ನನ್ನ ಗುಮಾನಿ.

ಮುಂದೆ ಪ್ಯಾರಿಸ್ಸಿನಲ್ಲಿ ಇದೇ ಸಂಘ ದೊಡ್ಡ ಮನೆತನದ ಹೆಂಗಸರ ಕೈಗೆ ಬಂತು. ಅವರು ಹಣ ಧಾರಾಳವಾಗಿ ಕೊಟ್ಟರು, ರೋಗಿಗಳ ಮನೆಗೆ ಮಾತ್ರ ಆಳುಗಳನ್ನು ಕಳಿಸತೊಡಗಿದರು. ಹೀಗಾದರೆ ಆಗದು ಎಂದು ವಿನ್ಸೆಂಟರೂ ಲೂಯಿಸ್ ದ ಮರಿಯಾಕ್ ಎಂಬ ವಿಧವೆಯೂ ಸೇರಿ 1633ರಲ್ಲಿ ಹಳ್ಳಿಯ ಹುಡುಗಿಯರನ್ನು ಕೂಡಿಸಿ ಡಾಟರ್ಸ್ ಆಫ್ ಚಾರಿಟಿ ಸಭೆ ಕಟ್ಟಿದರು. ಮಠದ ಗೋಡೆಯೊಳಗೆ ಇರುವ ಬದಲು ಬೀದಿಯಲ್ಲಿ ನಡೆದು ರೋಗಿಯ ಮನೆಗೆ ಹೋಗುವ ಕನ್ಯಾಸ್ತ್ರೀಯರು ಅವರು. ಹಣ ಕೊಡುವವರು ಬೇರೆ, ಹೋಗಿ ಕೂರುವವರು ಬೇರೆ ಎಂಬ ಈ ಒಡಕು ಅಂದಿನಿಂದ ಎಲ್ಲ ಸಂಘಗಳಲ್ಲೂ ಇದೆ. ನಮ್ಮದರಲ್ಲೂ.

ಈಗ ನಮ್ಮ ಕಡೆಗೆ ಬರೋಣ. ಇಂದು ಹೊಸೂರು, ಕೃಷ್ಣಗಿರಿ ಎರಡೂ 1997ರಲ್ಲಿ ಹುಟ್ಟಿದ ಧರ್ಮಪುರಿ ಧರ್ಮಪ್ರಾಂತ್ಯಕ್ಕೆ ಸೇರಿವೆ, ಅದಕ್ಕೆ ಮುಂಚೆ ಸೇಲಂಗೆ ಸೇರಿದ್ದವು. ಸೇಲಂ ಧರ್ಮಪ್ರಾಂತ್ಯ ರಚನೆಯಾದದ್ದು 1930ರ ಮೇ ತಿಂಗಳಲ್ಲಿ, ಪಾಂಡಿಚೇರಿ, ಕುಂಭಕೋಣಂ, ಮೈಸೂರು ಮೂರರಿಂದಲೂ ಚೂರು ಕತ್ತರಿಸಿ. ಹೊಸೂರು ಸೀಮೆ ಬಂದದ್ದು ಮೈಸೂರಿನ ಚೂರಿನಲ್ಲಿ. ಬ್ರಿಟಿಷರ ಲೆಕ್ಕದಲ್ಲಿ ನಾವು ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಯಾದರೂ ಧರ್ಮಸಭೆಯ ಲೆಕ್ಕದಲ್ಲಿ ಮೈಸೂರಿನವರು. ಆ ಮೈಸೂರು ಬಿಷಪ್ಪರು ಕೂರುತ್ತಿದ್ದದ್ದು ಬೆಂಗಳೂರಿನಲ್ಲಿ. ಹೀಗಾಗಿ ಫ್ರೆಂಚ್ ಪಾದ್ರಿಗಳ ಕಾಲದಿಂದಲೂ ಹೊಸೂರಿನ ಕಥೋಲಿಕರಿಗೆ ಏನೇ ದೊಡ್ಡ ಕಷ್ಟ ಬಂದರೂ ದಿಕ್ಕು ಒಂದೇ, ಬೆಂಗಳೂರು. ಅತ್ತೆಯವರು ಆಸ್ಪತ್ರೆ ಎಂದರೆ ಸಾಕಿತ್ತು, ಯಾವ ಊರಿನದು ಎಂದು ಹೇಳುವ ಅಗತ್ಯ ಅವರಿಗೆ ಕಂಡದ್ದಿಲ್ಲ.

ಬೆಂಗಳೂರಿಗೆ ಕನ್ಯಾಸ್ತ್ರೀಯರು ಮೊದಲು ಬಂದದ್ದು 1854ರಲ್ಲಿ, ಬಿಷಪ್ ಶರ್ಬೊನೊ ಅವರ ಕರೆಯ ಮೇಲೆ. ಫ್ರಾನ್ಸಿನ ಆಂಜೆ ನಗರದ ಗುಡ್ ಶೆಫರ್ಡ್ ಸಭೆಯವರು. ಸೂಯೆಜ್ ಕಾಲುವೆ ಇನ್ನೂ ತೋಡಿರಲಿಲ್ಲ. ಬೆಂಗಳೂರಿಗೆ ರೈಲು ಬರಲು ಇನ್ನೂ ಹತ್ತು ವರ್ಷ ಬೇಕಿತ್ತು. ಹಡಗಿನಿಂದ ಇಳಿದ ಮೇಲೆ ಘಾಟಿ ಹತ್ತಲು ಎತ್ತಿನ ಗಾಡಿಯೇ ಗತಿಯಾಗಿದ್ದ ಕಾಲ. ಬಂದವರು ಶಾಲೆ ತೆರೆದರು, ತಬ್ಬಲಿ ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಸಾಕಿದರು. ಬೆಂಗಳೂರಿನವರು ಈಗ ಅವರನ್ನು ಸೇಕ್ರೆಡ್ ಹಾರ್ಟ್‌ನಂಥ ಶಾಲೆಗಳ ಹೆಸರಲ್ಲಿ ಗುರುತಿಸುತ್ತಾರೆ, ಸೀಟು ಸಿಗುವುದು ಕಷ್ಟ ಎಂದು ಗೊಣಗುತ್ತಾರೆ. ಅವರು ಮೊದಲು ಬಾಗಿಲು ತೆರೆದದ್ದು ಯಾರಿಗೂ ಬೇಡವಾದ ಮಕ್ಕಳಿಗೆ.

ಆ ಬಾಗಿಲಿನ ಅಗತ್ಯ ಎಷ್ಟಿತ್ತು ಎಂಬುದು 1876ರಲ್ಲಿ ತಿಳಿಯಿತು. ಧಾತು ಸಂವತ್ಸರದಲ್ಲಿ ಮಳೆ ಹೋಯಿತು, ಈಶ್ವರ ಸಂವತ್ಸರದವರೆಗೂ ಬರ ಎಳೆಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ ಅದು 42 ಲಕ್ಷಕ್ಕೆ ಇಳಿದಿತ್ತು. ಗಡಿಯ ಈಚೆ ಸೇಲಂ ಜಿಲ್ಲೆಯೂ ಅಷ್ಟೇ ಕೆಟ್ಟಿತ್ತು. ನಮ್ಮ ಹೊಸೂರು ಸೀಮೆ ಎತ್ತರದ ನಾಡು, ರಾಗಿ, ಹುರುಳಿ ನೆಚ್ಚಿ ಬದುಕಿದ್ದು. ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಡಬಹುದು ಎನ್ನುತ್ತಾರೆ, ನಿಜ. ಎರಡು ವರ್ಷ ಮಳೆ ಹೋದರೆ ಹಗೇವೂ ಬರಿದು. ಬೆಂಗಳೂರಿನ ಬೀದಿಗಳಿಗೆ ನಡೆದು ಬಂದ ಜನರಲ್ಲಿ ಬಹಳ ಮಂದಿ ಅಲ್ಲೇ ಸತ್ತರು. ಉಳಿದ ಮಕ್ಕಳು ಮಿಷನ್ನಿನ ಅನಾಥಾಲಯಗಳಿಗೆ ಸೇರಿದರು. ಬೆಂಗಳೂರಿನ ಆಚೆ ನೆಲಮಂಗಲದ ದಿಕ್ಕಿನಲ್ಲಿರುವ ಸಿಲುವೆಪುರ ಆ ಬರದ ನಂತರ ಇಂಥ ಮಕ್ಕಳಿಗಾಗಿ ಪಾದ್ರಿಗಳು ಕಟ್ಟಿಸಿದ ಊರು. ಗಂಡು ಮಕ್ಕಳಿಗೆ ನೇಗಿಲು ಕೊಟ್ಟು ಹೊಲ ತೋರಿಸಿದರು. ಹೆಣ್ಣು ಮಕ್ಕಳು ಕಾನ್ವೆಂಟಿನಲ್ಲಿ ಹೊಲಿಗೆ, ಲೇಸು ಕಲಿತು ಬೆಳೆದು, ಇಂಥ ಊರುಗಳಿಗೆ ಸೊಸೆಯರಾಗಿ ಹೋದರು.

ಮಕ್ಕಳನ್ನು ಕ್ರೈಸ್ತರನ್ನಾಗಿ ಮಾಡಲೆಂದೇ ಸಾಕಿದರು ಎಂಬ ಮಾತು ಆಗಲೂ ಇತ್ತು, ಈಗಲೂ ಇದೆ. ಪಾದ್ರಿಗಳ ಮನಸ್ಸಿನಲ್ಲಿ ಅದು ಇರಲೇ ಇಲ್ಲ ಎಂದು ನಾನು ವಾದ ಮಾಡಲಾರೆ. ಸಾಯುವ ಕೂಸಿಗೆ ಜ್ಞಾನಸ್ನಾನ ಕೊಟ್ಟದ್ದನ್ನು ಅವರು ಹೆಮ್ಮೆಯಿಂದ ಎಣಿಸಿ ಫ್ರಾನ್ಸಿಗೆ ಬರೆಯುತ್ತಿದ್ದ ಕಾಲ ಅದು. ರಾತ್ರಿ ಎದ್ದು ಆ ಕೂಸಿನ ಬೇಧಿ ಬಳಿದವಳು ಏನು ಯೋಚಿಸುತ್ತಿದ್ದಳೋ, ಅವಳು ಕಾಗದ ಬರೆಯಲಿಲ್ಲ.

ಬರದ ಇನ್ನೊಂದು ಗುರುತು ನಮ್ಮ ಸೀಮೆಯಲ್ಲಿ ಇತ್ತು, ಈಗ ಇಲ್ಲ. ಮತ್ತೆ ಕ್ಷಾಮ ಬಂದರೆ ಧಾನ್ಯ ಸಾಗಿಸಲಿಕ್ಕೆಂದು ಸರ್ಕಾರ ಪುಟ್ಟ ಗೇಜಿನ ರೈಲು ಹಾಕಿತು. ತಿರುಪತ್ತೂರಿನಿಂದ ಕೃಷ್ಣಗಿರಿಗೆ 1905ರಲ್ಲಿ, ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ, ಅಲ್ಲಿಂದ ಹೊಸೂರಿಗೆ 1913ರಲ್ಲಿ. ಎರಡನೆಯ ಮಹಾಯುದ್ಧದ ಕಾಲಕ್ಕೆ ಹಳಿ ಕಿತ್ತುಕೊಂಡು ಹೋದರು. ಹೊಸೂರಿಗೆ ಆಮೇಲೆ ದೊಡ್ಡ ರೈಲು ಬಂತು, ಕೃಷ್ಣಗಿರಿಗೆ ಇನ್ನೂ ಇಲ್ಲ. ಜಿಲ್ಲಾ ಕೇಂದ್ರಕ್ಕೆ ರೈಲಿಲ್ಲ ಎಂದು ಚುನಾವಣೆ ಬಂದಾಗಲೆಲ್ಲ ಭಾಷಣ ಆಗುತ್ತದೆ.

ಗುಡ್ ಶೆಫರ್ಡ್ ಸಿಸ್ಟರುಗಳೇ 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದರು. ಅದಕ್ಕೆ ನಾಲ್ಕು ವರ್ಷ ಮುಂಚೆ, 1882ರಲ್ಲಿ, ತಾರ್ಬ್ ನಗರದ ಸೇಂಟ್ ಜೋಸೆಫ್ ಸಭೆಯವರು ಬಂದು ಬೌರಿಂಗ್ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆಗೆ ನಿಂತಿದ್ದರು. ಹೊಸೂರಿನ ಹಳೆಯ ತಲೆಮಾರಿನವರ ಬಾಯಲ್ಲಿ ಮಾರ್ಥಾಸಿನ ಹೆಸರು ‘ಮಾರ್ತಮ್ಮನ ಆಸ್ಪತ್ರೆ’ ಎಂದೇ ಕೇಳಿದ್ದೇನೆ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು 1963ರಲ್ಲಿ ಶುರುವಾದಾಗ ಅದಕ್ಕೆ ಸ್ವಂತ ಆಸ್ಪತ್ರೆ ಇರಲಿಲ್ಲ, ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿತದ್ದು ಮಾರ್ಥಾಸಿನಲ್ಲಿ. ಸ್ವಂತ ಆಸ್ಪತ್ರೆ 1975ರಲ್ಲಿ ಬಂತು, ಅದೂ ಹೊಸೂರಿನ ಬಸ್ಸು ಬೆಂಗಳೂರು ಹೊಗುವ ಬಾಯಲ್ಲೇ. ನಮಗೆ ಒಂದು ಬಸ್ ಬದಲಿಸುವ ಕಷ್ಟ ತಪ್ಪಿತು. ಆಸ್ಪತ್ರೆಯ ಚರಿತ್ರೆ ಬರೆಯುವವರಿಗೆ ಇದು ಲೆಕ್ಕಕ್ಕೆ ಬಾರದ ವಿಷಯ. ಸೊಂಟ ಹಿಡಿದುಕೊಂಡ ಮುದುಕಿಯನ್ನು ಕರೆದುಕೊಂಡು ಹೋಗುವವಳಿಗೆ ದೊಡ್ಡದು.

ಲಿಟ್ಲ್ ಸಿಸ್ಟರ್ಸ್ ಬಗ್ಗೆ ಸ್ವಲ್ಪ ಹೆಚ್ಚಾಗಿ ಹೇಳಬೇಕು. ಅವರು ಬೆಂಗಳೂರಿಗೆ ಬಂದದ್ದು 1900ರ ಸುಮಾರಿಗೆ. ಸಭೆ ಕಟ್ಟಿದವಳು ಫ್ರಾನ್ಸಿನ ಕಡಲತೀರದ ಜಾನ್ ಜುಗಾನ್, ಮನೆಗೆಲಸ ಮಾಡಿಕೊಂಡಿದ್ದ ಹೆಂಗಸು. 1839ರ ಚಳಿಗಾಲದಲ್ಲಿ ಕಣ್ಣು ಕಾಣದ, ಕೈಕಾಲು ಬಿದ್ದ ಒಬ್ಬ ಮುದುಕಿಯನ್ನು ಮನೆಗೆ ತಂದು ತನ್ನ ಹಾಸಿಗೆ ಬಿಟ್ಟುಕೊಟ್ಟು ತಾನು ಅಟ್ಟದಲ್ಲಿ ಮಲಗಿದಳು. ಆ ಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಸಾಕಲು ದುಡ್ಡಿಲ್ಲದಾಗ ಬುಟ್ಟಿ ಹಿಡಿದು ಮನೆಮನೆಗೆ ಬೇಡಿದಳು. ಸಭೆ ಬೆಳೆದ ಮೇಲೆ ಒಬ್ಬ ಪಾದ್ರಿ ತಾನೇ ಸ್ಥಾಪಕ ಎಂದು ಹೇಳಿಕೊಂಡು ಅವಳನ್ನು ಮೂಲೆಗೆ ಹಾಕಿದ. ಇಪ್ಪತ್ತೇಳು ವರ್ಷ ಅವಳು ತಾನು ಹುಟ್ಟಿಸಿದ ಸಭೆಯಲ್ಲೇ ಒಬ್ಬ ಸಾಮಾನ್ಯ ಕನ್ಯಾಸ್ತ್ರೀಯಾಗಿ ಇದ್ದು 1879ರಲ್ಲಿ ಸತ್ತಳು. ಚಿಕ್ಕ ಸಿಸ್ಟರುಗಳಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ. ಆಮೇಲೆ ನಿಜ ಬಯಲಾಗಿ, ಪಾದ್ರಿಯನ್ನು ರೋಮ್ ಕೆಳಗಿಳಿಸಿ, ಕೊನೆಗೆ 2009ರಲ್ಲಿ ಅವಳನ್ನು ಸಂತಳೆಂದು ಸಾರಿದರು. ಇಂಥ ಕಥೆ ಹೇಳಿದಾಗ ನಮ್ಮ ಸಂಘದಲ್ಲಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಅವರು ಯಾರನ್ನು ನೆನೆಸಿಕೊಂಡು ನಗುತ್ತಾರೆ ಎಂದು ಇಲ್ಲಿ ಬರೆಯಲಾಗದು.

ಆ ಸಭೆಯವರು ನಿಗದಿ ಆದಾಯ ಇಟ್ಟುಕೊಳ್ಳುವುದಿಲ್ಲ. ಆಶ್ರಮದ ಹೆಸರಲ್ಲಿ ಬಡ್ಡಿ ತರುವ ದೊಡ್ಡ ಠೇವಣಿ ಇರಕೂಡದು ಎಂಬುದು ಜಾನ್ ಜುಗಾನಳ ಕಾಲದ ಕಟ್ಟಳೆ. ಬೇಡಿ ತಂದದ್ದರಲ್ಲೇ ನಡೆಯಬೇಕು, ಅದಕ್ಕೇ ಮಾರುಕಟ್ಟೆಗೆ ಹೋಗಿ ತರಕಾರಿ ಕೇಳುತ್ತಾರೆ. ಹೊಸೂರಿನ ಹೆಂಗಸರಿಗೂ ಅವರಿಗೂ ನಂಟು ಬೆಳೆದದ್ದು ಹೀಗೆ. ನಮ್ಮ ಸೀಮೆಯಲ್ಲಿ ತರಕಾರಿಗೆ ಬರವಿಲ್ಲ, ಕೋಸು, ಬೀನ್ಸು, ಟೊಮೇಟೊ ಬೆಲೆ ಬಿದ್ದರೆ ಹೊಲದಲ್ಲೇ ಕೊಳೆಯುತ್ತವೆ. ಬೆಂಗಳೂರಿಗೆ ರೋಗಿಯ ಜೊತೆ ಹೋಗುವವರ ಕೈಯಲ್ಲಿ ಒಂದು ಗೋಣಿಚೀಲ ಕೋಸು ಕಳಿಸುವುದು ನಮ್ಮಲ್ಲಿ ರೂಢಿಯಾಗಿತ್ತು. ಬಸ್ಸಿನ ಕಂಡಕ್ಟರು ಲಗೇಜು ಕೇಳಿದರೆ ‘ಅಜ್ಜಿಯರಿಗೆ ಅಪ್ಪಾ’ ಎಂದರೆ ಕೆಲವರು ಬಿಡುತ್ತಿದ್ದರು, ಕೆಲವರು ಬಿಡುತ್ತಿರಲಿಲ್ಲ.

ನಮ್ಮ ಸಂಘದ ಮೂಲ ಬಂಡವಾಳವೂ ಹಣವಾಗಿರಲಿಲ್ಲ. ತಪಸ್ಸು ಕಾಲದ ನಲವತ್ತು ದಿನ ಒಲೆಯ ಪಕ್ಕ ಒಂದು ಡಬ್ಬ. ಅಡುಗೆಗೆ ಅಕ್ಕಿ ಅಳೆದಾಗ ಒಂದು ಹಿಡಿ ಅದಕ್ಕೆ, ಮುದ್ದೆ ಮಾಡುವ ಮನೆಯಲ್ಲಿ ಒಂದು ಹಿಡಿ ಹಿಟ್ಟು. ಈಸ್ಟರಿಗೆ ಮುಂಚೆ ಎಲ್ಲ ಡಬ್ಬಗಳೂ ಗುಡಿಯ ಹಿಂದಿನ ಕೋಣೆಗೆ ಬರುತ್ತಿದ್ದವು. ಹತ್ತು ತರದ ಅಕ್ಕಿ ಬೆರೆತು, ಬೇಯುವಾಗ ಅರ್ಧ ಮುದ್ದೆ ಅರ್ಧ ಕಾಳು. ಪಡೆದವರು ದೂರಲಿಲ್ಲ, ನಾವೇ ನಾಚಿ, ಒಂದೊಂದು ಬೀದಿಗೆ ಒಂದೊಂದು ತರದ ಅಕ್ಕಿ ಎಂದು ಗೊತ್ತುಮಾಡಿದೆವು. ಅಕ್ಕಿ ಹಿಡಿ ಎತ್ತಿಡುವುದು ಕಥೋಲಿಕರದೇ ಪದ್ಧತಿಯೇನಲ್ಲ. ಮುಷ್ಟಿ ಫಂಡು ಎಂದು ಕರ್ನಾಟಕದ ಮಠಗಳೂ ಶಾಲೆ, ಹಾಸ್ಟೆಲು ಕಟ್ಟಿವೆ. ಎಲ್ಲ ಕಡೆಯೂ ಹಿಡಿ ಎತ್ತಿದ್ದು ಅಡುಗೆಮನೆಯ ಹೆಂಗಸರೇ, ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡವರು ಬೇರೆಯವರು.

ವಿಚಾರಣೆಯಲ್ಲಿ ಸಂಘಗಳು ಒಂದೆರಡಲ್ಲ. ಮರಿಯಾ ಸೇನೆ ಇದೆ, ವಿನ್ಸೆಂಟ್ ದೆ ಪೌಲ್ ಸಭೆ ಇದೆ, ನಮ್ಮ ಈ ಮಾತೆಯರ ಸಂಘ ಇದೆ. ಹೊರಗಿನವರಿಗೆ ಎಲ್ಲ ಒಂದೇ ಕಾಣುತ್ತದೆ, ಒಳಗಿನವರಿಗೆ ಗಡಿಗಳು ಗೊತ್ತು. ವಿನ್ಸೆಂಟ್ ಸಭೆ ಪ್ಯಾರಿಸ್ಸಿನಲ್ಲಿ 1833ರಲ್ಲಿ ಕಾಲೇಜು ಹುಡುಗರು ಕಟ್ಟಿದ್ದು. ಹೆಂಗಸರಿಗೆ ಬೇರೆಯೇ ಸಭೆ ಇತ್ತು, ಎರಡೂ ಒಂದಾದದ್ದು 1967ರಲ್ಲಿ. ಅದರ ಕೆಲಸ ಅಕ್ಕಿ, ಔಷಧಿ, ಬಾಡಿಗೆ. ಮರಿಯಾ ಸೇನೆ ಡಬ್ಲಿನ್ನಿನಲ್ಲಿ 1921ರ ಸೆಪ್ಟೆಂಬರ್ 7ರಂದು ಹುಟ್ಟಿತು. ಫ್ರಾಂಕ್ ಡಫ್ ಎಂಬ ಸರ್ಕಾರಿ ನೌಕರ, ಒಬ್ಬ ಪಾದ್ರಿ, ಮಿಕ್ಕವರೆಲ್ಲ ಹೆಂಗಸರು. ಅವರ ಮೊದಲ ಕೆಲಸ ಬಡವರ ಆಸ್ಪತ್ರೆಯಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ರೋಗಿಗಳನ್ನು ಮಾತಾಡಿಸುವುದು. ಆ ಸೇನೆಗೆ ಒಂದು ವಿಚಿತ್ರ ನಿಯಮ ಉಂಟು: ಹೋದ ಮನೆಯಲ್ಲಿ ಹಣವನ್ನೋ ಸಾಮಾನನ್ನೋ ಕೊಡಕೂಡದು. ಆ ಸೇನೆಗೂ ಸೇರಿದ ಹೊಸದರಲ್ಲಿ ನನಗೆ ಇದು ಕ್ರೂರ ಎನಿಸಿತ್ತು. ಒಲೆ ಉರಿಯದ ಮನೆಗೆ ಬರಿಗೈಯಲ್ಲಿ ಹೋಗಿ ಜಪಸರ ಹೇಳಿ ಬರುವುದೇ? ಕ್ರಮೇಣ ಅದರ ಒಳಗುಟ್ಟು ತಿಳಿಯಿತು. ಕೊಡುವವರು ಬಂದರೆ ಜನ ಬೇಕಾದ್ದನ್ನು ಹೇಳುತ್ತಾರೆ, ಆದದ್ದನ್ನು ಹೇಳುವುದಿಲ್ಲ. ಬರಿಗೈಯಲ್ಲಿ ಹೋದವಳ ಹತ್ತಿರ ಗಂಡನ ಕುಡಿತ, ಮಗಳು ಮುಟ್ಟಾಗದೆ ಮೂರು ತಿಂಗಳಾದದ್ದು, ಎದೆಯಲ್ಲಿ ಗಂಟು ಬಂದು ವರ್ಷವಾದದ್ದು ಎಲ್ಲ ಹೊರಬರುತ್ತದೆ. ಗಂಟಿನ ವಿಷಯ ತಿಳಿದ ಮಾರನೆ ದಿನ ಮಾತೆಯರ ಸಂಘದ ಲೆಕ್ಕದಲ್ಲಿ ಬಸ್ ಚಾರ್ಜು.

ಹೀಗೆ ತಿಳಿದದ್ದರಲ್ಲಿ ಎಲ್ಲಕ್ಕಿಂತ ಭಾರವಾದದ್ದು ಹೆಣ್ಣು ಕೂಸುಗಳ ವಿಷಯ. ಸೇಲಂ, ಧರ್ಮಪುರಿ ಕಡೆ ಹುಟ್ಟಿದ ಹೆಣ್ಣನ್ನು ಕೊಲ್ಲುತ್ತಾರೆ ಎಂಬುದು 1990ರ ಸುಮಾರಿಗೆ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಜಯಲಲಿತಾ ಅವರ ಸರ್ಕಾರ 1992ರಲ್ಲಿ ಸೇಲಂನಲ್ಲಿ ತೊಟ್ಟಿಲು ಕೂಸಿನ ಯೋಜನೆ ತಂದಿತು, ಬೇಡವಾದ ಮಗುವನ್ನು ಕೊಲ್ಲಬೇಡಿ, ಸರ್ಕಾರ ಇಟ್ಟ ತೊಟ್ಟಿಲಿಗೆ ಹಾಕಿ ಹೋಗಿ ಎಂದು. 2001ರಲ್ಲಿ ಅದನ್ನು ಧರ್ಮಪುರಿಗೂ ಹಬ್ಬಿಸಿದರು. ಕೃಷ್ಣಗಿರಿ ಆಗಿನ್ನೂ ಧರ್ಮಪುರಿ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆಯಾದದ್ದು 2004ರಲ್ಲಿ. ತೊಟ್ಟಿಲು ಬೇಕೆ ಬೇಡವೆ ಎಂದು ದೊಡ್ಡವರು ಚರ್ಚೆ ಮಾಡಿದರು. ತಾಯ್ತಂದೆ ಹೊಣೆ ತಪ್ಪಿಸಿಕೊಳ್ಳಲು ಸರ್ಕಾರವೇ ದಾರಿ ಮಾಡಿದಂತಾಯಿತು ಎಂದವರೂ ಇದ್ದರು. ನಮ್ಮ ಸಂಘದ ಹೆಂಗಸರು ಚರ್ಚೆ ಮಾಡಲಿಲ್ಲ. ಎರಡನೆಯದೋ ಮೂರನೆಯದೋ ಹೆಣ್ಣು ಹುಟ್ಟಿದ ಮನೆಗೆ, ಯಾವ ಜಾತಿ, ಯಾವ ಮತ ಎನ್ನದೆ, ಸರದಿಯ ಮೇಲೆ ಹೋಗಿ ಕೂರತೊಡಗಿದರು. ಬಾಣಂತಿಗೆ ಬೆಳ್ಳುಳ್ಳಿ, ಮೆಣಸಿನ ಸಾರು, ಕೂಸಿಗೆ ಎಣ್ಣೆ ನೀರು. ನೆಪ ಅದು. ಮನೆಯಲ್ಲಿ ಹೊರಗಿನವರೊಬ್ಬರು ಕೂತಿದ್ದರೆ ಮಾಡಬಾರದ್ದನ್ನು ಮಾಡುವುದು ಕಷ್ಟ. ಅತ್ತೆಯಂದಿರಿಗೆ ನಮ್ಮ ಉದ್ದೇಶ ಗೊತ್ತಿರುತ್ತಿತ್ತು, ಅವರಿಗೆ ಗೊತ್ತಿದೆ ಎಂದು ನಮಗೂ ಗೊತ್ತಿರುತ್ತಿತ್ತು. ಬಾಯಿಬಿಟ್ಟು ಯಾರೂ ಆಡಲಿಲ್ಲ. ‘ಏನಮ್ಮಾ, ನಾಳೆಯೂ ಬರುತ್ತೀಯಾ?’ ಎಂದು ಒಬ್ಬ ಅಜ್ಜಿ ಕೇಳಿದ ಧಾಟಿ ನನಗೆ ಮರೆತಿಲ್ಲ. ಬರುತ್ತೇನೆ ಅಜ್ಜೀ ಎಂದೆ.

ಇದೇ ಹೊತ್ತಿಗೆ ಇನ್ನೊಂದು ಗಾಳಿ ಬೀಸಿತು. ತಮಿಳುನಾಡಿನ ಹೆಂಗಸರ ಸ್ವಸಹಾಯ ಗುಂಪುಗಳು ಮೊದಲು ಶುರುವಾದದ್ದು ಎಲ್ಲಿ ಎಂದರೆ ನಮ್ಮ ಧರ್ಮಪುರಿ ಜಿಲ್ಲೆಯಲ್ಲೇ, 1989ರಲ್ಲಿ, ವಿಶ್ವಸಂಸ್ಥೆಯ ಕೃಷಿ ನಿಧಿಯ ನೆರವಿನಿಂದ. 1997ರಲ್ಲಿ ಅದೇ ‘ಮಹಳಿರ್ ತಿಟ್ಟಂ’ ಎಂದು ರಾಜ್ಯಕ್ಕೆಲ್ಲ ಹರಡಿತು. ನಮ್ಮಿಂದ ಅಕ್ಕಿ ಪಡೆಯುತ್ತಿದ್ದವರೇ ಈಗ ವಾರಕ್ಕೊಮ್ಮೆ ದುಂಡಾಗಿ ಕೂತು ಹತ್ತು, ಇಪ್ಪತ್ತು ರೂಪಾಯಿ ಉಳಿಸಿ, ಬ್ಯಾಂಕಿಗೆ ಹೋಗಿ ತಮ್ಮ ಹೆಸರಲ್ಲಿ ಪಾಸ್‌ಬುಕ್ ತಂದರು. ಸಂಘದ ಕೆಲವು ಹಿರಿಯರಿಗೆ ಇದು ಹಿಡಿಸಲಿಲ್ಲ. ನಮ್ಮ ಡಬ್ಬಕ್ಕೆ ಬೆಲೆ ಇಲ್ಲವಾಯಿತು ಎಂದು ಮುನಿಸು. ನನಗೋ ಒಳಗೊಳಗೆ ಖುಷಿ. ಕೈಯೊಡ್ಡಿ ನಿಲ್ಲುತ್ತಿದ್ದವಳು ಸಾಲದ ಕಂತು ತಪ್ಪಿಸಿದ ಇನ್ನೊಬ್ಬಳನ್ನು ಗದರುವುದನ್ನು ನೋಡುವುದು ಒಳ್ಳೆಯ ನೋಟ. ಆದರೂ ಒಂದು ಮಾತು. ಗುಂಪಿನಲ್ಲಿ ಸಾಲ ಸಿಗುತ್ತದೆ, ಕಿದ್ವಾಯಿಯ ಸಾಲಿನಲ್ಲಿ ಪಕ್ಕ ನಿಲ್ಲಲು ಗುಂಪಿನ ನಿಯಮದಲ್ಲಿ ಎಡೆಯಿಲ್ಲ. ಅದಕ್ಕೆ ಮತ್ತೆ ನಮ್ಮನ್ನೇ ಕೇಳಿಕೊಂಡು ಬಂದರು, ಈ ಸಲ ಬಸ್ ಚಾರ್ಜನ್ನು ತಾವೇ ಕೊಟ್ಟು.

ನನ್ನ ಪಾಲಿಗೆ ಬೆಂಗಳೂರಿನ ಸರದಿ ಹೆಚ್ಚು ಬಂದದ್ದಕ್ಕೆ ಕಾರಣ ಸರಳ. ಗಡಿ ದಾಟಿದರೆ ಫಾರಂ ಕನ್ನಡದ್ದು, ಕೌಂಟರಿನ ಮಾತು ಕನ್ನಡದ್ದು. ಕೆಲಮಂಗಲದ ತೆಲುಗು ಮಾತಿನ ಹೆಂಗಸು ತನ್ನ ನೋವನ್ನು ತಮಿಳಿನಲ್ಲೇ ಹೇಳಲು ತಡವರಿಸುತ್ತಾಳೆ, ಕನ್ನಡದಲ್ಲಿ ಹೇಗೆ ಹೇಳಿಯಾಳು? ‘ಉರಿ’ಯೋ ‘ಚುಚ್ಚು’ವುದೋ ‘ಹಿಂಡು’ವುದೋ ಎಂದು ಡಾಕ್ಟರು ಕೇಳುತ್ತಾರೆ. ಮೂರನ್ನೂ ನಾನು ಅವಳಿಗೆ ಕೈಸನ್ನೆಯಲ್ಲಿ ಮಾಡಿ ತೋರಿಸಬೇಕು. ಸುತ್ತ ನಿಂತವರು ನಗುತ್ತಾರೆ, ಅವಳೂ ನಗುತ್ತಾಳೆ, ಆಮೇಲೆ ಹೇಳುತ್ತಾಳೆ.

ಗಡಿಯ ಬಿಸಿ ನಿಜವಾಗಿ ತಟ್ಟಿದ್ದು 2016ರ ಸೆಪ್ಟೆಂಬರಿನಲ್ಲಿ. ಕಾವೇರಿ ತೀರ್ಪಿನ ಮೇಲೆ ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ ಬಿತ್ತು. ತಮಿಳುನಾಡಿನ ಬಸ್ಸು ಜೂಜುವಾಡಿಯಲ್ಲಿ ನಿಂತರೆ ಕರ್ನಾಟಕದ್ದು ಅತ್ತಿಬೆಲೆಯಲ್ಲಿ. ನಡುವಿನ ದಾರಿಯನ್ನು ಜನ ಗಂಟುಮೂಟೆ ಹೊತ್ತು ನಡೆದರು. ಕೂಲಿಯವರು, ಕಾರ್ಖಾನೆ ಹುಡುಗರು, ಮದುವೆಗೆ ಹೊರಟವರು. ನಮ್ಮ ಒಬ್ಬಾಕೆಗೆ ಕಿದ್ವಾಯಿಯಲ್ಲಿ ದಿನಬಿಟ್ಟರೆ ಆಗದ ಕರೆಂಟು ಚಿಕಿತ್ಸೆ, ಎಂದರೆ ರೇಡಿಯೇಶನ್, ನಡೆಯುತ್ತಿತ್ತು. ಸಂಘದ ಇಬ್ಬರು ಎರಡು ಕಡೆ ತೋಳು ಹಿಡಿದು ನಡೆಸಿದರು, ನಾನು ಮುಂದೆ ನೀರಿನ ಬಾಟಲಿ, ಫೈಲು ಹಿಡಿದು. ದಾರಿಯಲ್ಲಿ ನಿಂತಿದ್ದ ಹುಡುಗರ ಗುಂಪೊಂದು ಎಲ್ಲಿಂದ ಬಂದಿರಿ ಎಂದು ತಡೆಯಿತು. ನನ್ನ ಆನೇಕಲ್ ಕನ್ನಡ ಕೇಳಿದ ಮೇಲೆ ಅವರಲ್ಲೇ ಒಬ್ಬ ಆಟೋ ಹಿಡಿದುಕೊಟ್ಟ. ತೋಳು ಹಿಡಿದಿದ್ದ ಇಬ್ಬರೂ ಅಪ್ಪಟ ತಮಿಳಿನವರು, ಆಟೋ ಹೊರಡುವವರೆಗೆ ತುಟಿ ಬಿಚ್ಚಲಿಲ್ಲ. ಆಟೋದವನ ಹೆಸರು ಕೇಳಿದರೆ ಅವನೂ ಕೃಷ್ಣಗಿರಿ ಕಡೆಯವನೇ.

2020ರಲ್ಲಿ ಗಡಿ ಮತ್ತೆ ಮುಚ್ಚಿತು, ಈ ಸಲ ರೋಗಕ್ಕೆ. ಇ-ಪಾಸ್ ಇಲ್ಲದೆ ಅತ್ತಿಬೆಲೆ ದಾಟುವಂತಿರಲಿಲ್ಲ. ಹೆದ್ದಾರಿಯಲ್ಲಿ ನಡೆದು ಹೋಗುವ ಉತ್ತರದ ಕೂಲಿಯವರಿಗೆ ಸಂಘದವರು ಅನ್ನದ ಪೊಟ್ಟಣ ಕೊಟ್ಟರು, ಅದಕ್ಕೆ ಫೋಟೋ ಬಂತು, ಮೆಚ್ಚುಗೆ ಬಂತು. ಅದರ ನೂರು ಪಾಲು ಹೊತ್ತು ಹೋದದ್ದು ಫೋನಿನಲ್ಲಿ ಇ-ಪಾಸ್ ತುಂಬುವುದರಲ್ಲಿ. ರೋಗಿಯ ಆಧಾರ್, ಗಾಡಿಯ ನಂಬರು, ಡಾಕ್ಟರ ಚೀಟಿಯ ಫೋಟೋ. ಕಾಲೇಜು ಓದುವ ಹುಡುಗಿಯರನ್ನು ಸಂಘಕ್ಕೆ ಸೇರಿಸಿಕೊಂಡದ್ದು ಆಗಲೇ, ಬೆರಳು ಆಡಿಸಲು ಬಲ್ಲವರು ಬೇಕಾಗಿದ್ದರಿಂದ. ಬಂದವರು ಉಳಿದರು. ಲೆಕ್ಕದ ಪುಸ್ತಕ ಈಗ ಅವರ ಕೈಯಲ್ಲಿ, ಕಂಪ್ಯೂಟರಿನಲ್ಲಿ.

ಕೃಷ್ಣಗಿರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು, ತಮಿಳುನಾಡಿನ ಹನ್ನೊಂದು ಹೊಸ ಕಾಲೇಜುಗಳಲ್ಲಿ ಒಂದಾಗಿ. ಹತ್ತಾರು ವರ್ಷ ಪಶ್ಚಿಮಕ್ಕೇ ಹೋಗುತ್ತಿದ್ದ ರೋಗಿಗಳಲ್ಲಿ ಕೆಲವರು ಈಗ ಪೂರ್ವಕ್ಕೆ ಬಸ್ ಹತ್ತುತ್ತಾರೆ. ಅಲ್ಲಿ ಫಾರಂ ತಮಿಳಿನದು, ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ, ಗಡಿಯ ರಗಳೆಯಿಲ್ಲ. ಕ್ಯಾನ್ಸರಿನವರು, ತಲೆಯ ಕಾಯಿಲೆಯವರು ಮಾತ್ರ ಮೊದಲಿನಂತೆ ಬೆಂಗಳೂರಿಗೆ. ಹುಡುಗಿಯರು ಎರಡು ಸರದಿ ಪಟ್ಟಿ ಮಾಡಿ ಫೋನಿನ ಗುಂಪಿಗೆ ಹಾಕಿದ್ದಾರೆ. ಕೃಷ್ಣಗಿರಿಯ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಬೆಂಗಳೂರಿನದರಲ್ಲಿ ಮಂಗಳವಾರ, ಶುಕ್ರವಾರ ಎರಡೂ ನನ್ನ ಹೆಸರೇ ಇದೆ, ಮಂಡಿ ನೋವೆಂದು ಹೇಳಿದರೂ ತೆಗೆದಿಲ್ಲ.